ಸೊನ್ನೆ-ಒಂದರ ಸ್ಟ್ರಿಂಗನ್ನು ಸಂಖ್ಯೆ ಮಾಡಲು ಯಾವ ದಾರಿ ಹಿಡಿಯಬೇಕು?

"1011" ಅಂತ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು ಇದೆ. ಬೈನರಿಯಲ್ಲಿ, ಅಂದರೆ ಸೊನ್ನೆ-ಒಂದರಲ್ಲೇ ಸಂಖ್ಯೆ ಬರೆಯುವ ಕ್ರಮದಲ್ಲಿ, ಅದರ ಬೆಲೆ 8 + 2 + 1. ಅದನ್ನು 11 ಅನ್ನೋ ಪೂರ್ಣಾಂಕ ಮಾಡಬೇಕು. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದು ಒಂದೇ ಸಾಲಿನ ಕೆಲಸ. ಹುಡುಕಿದ ತಕ್ಷಣ ಉತ್ತರ ಸಿಗುತ್ತದೆ, ಅಂಟಿಸಿದರೆ ಓಡುತ್ತದೆ. ಹಾಗಾದರೆ ಇದರಲ್ಲಿ ಹೋಲಿಸಿ ನೋಡೋಕೆ ಏನಿದೆ?

ತುಂಬಾ ಇದೆ. ಸರಿಯಾದ ಸ್ಟ್ರಿಂಗ್ ಕೊಟ್ಟರೆ ಎಲ್ಲ ದಾರಿಗಳೂ 11ಕ್ಕೇ ಬಂದು ನಿಲ್ಲುತ್ತವೆ. ತಪ್ಪು ಸ್ಟ್ರಿಂಗ್ ಕೊಟ್ಟಾಗ ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತದೆ. ಒಂದು ಎರರ್ ಎಸೆಯುತ್ತದೆ, ಇನ್ನೊಂದು ಅರ್ಧ ಓದಿ ಸುಮ್ನೆ ನಿಲ್ಲುತ್ತದೆ, ಮತ್ತೊಂದು ತಪ್ಪು ಅಕ್ಷರವನ್ನೇ ನುಂಗಿಬಿಡುತ್ತದೆ. ಆದ್ದರಿಂದ ಫಂಕ್ಷನ್ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ತಪ್ಪು ಸ್ಟ್ರಿಂಗ್ ಬಂದಾಗ ಇದು ನನಗೆ ಹೇಳುತ್ತದಾ? ವೇಗ, ಕೋಡಿನ ಅಂದ ಎಲ್ಲ ಆಮೇಲೆ.

ಓದುವ ಮೊದಲು ಒಂದು ಮಾತು. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. '0ಬಿ' ಅಂತ ಇರುವಲ್ಲಿ ಸೊನ್ನೆಯ ಪಕ್ಕ ಕೀಬೋರ್ಡಿನ ಸಣ್ಣ ಇಂಗ್ಲಿಷ್ ಬಿ ಇದೆ ಅಂತ ಓದಿಕೊಳ್ಳಿ; ಮುಂದೆ ಬರೋದು ಬೈನರಿ ಅಂತ ಹೇಳುವ ಗುರುತು ಅದು.

ಮೊದಲ ಪರೀಕ್ಷೆ: "1021"

ಬೈನರಿಯಲ್ಲಿ 2 ಅನ್ನೋ ಅಂಕಿಯೇ ಇಲ್ಲ. ಹಾಗಾಗಿ "1021" ಬೈನರಿ ಸ್ಟ್ರಿಂಗೇ ಅಲ್ಲ. ಇದನ್ನು ಬೇರೆ ಬೇರೆ ಭಾಷೆಗಳಿಗೆ ಕೊಟ್ಟು ನೋಡಿ.

ಪೈಥಾನ್‌ನ ಇಂಟ್("1021", 2) ವ್ಯಾಲ್ಯೂಎರರ್ ಎಸೆಯುತ್ತದೆ (ಕೊನೆಯ 2 ಅನ್ನೋದು ಬೇಸ್, ಅಂದರೆ ಎಷ್ಟು ಅಂಕಿಗಳ ಕ್ರಮ ಅಂತ ಹೇಳುವ ಸಂಖ್ಯೆ). ಜಾವಾದ ಇಂಟಿಜರ್.ಪಾರ್ಸ್‌ಇಂಟ್ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಷನ್ ಎಸೆಯುತ್ತದೆ. ಗೋ ಮತ್ತು ರಸ್ಟ್ ಎರಡೂ ಎರರ್ ವಾಪಸ್ ಕೊಡುತ್ತವೆ. ಇಷ್ಟು ಸರಿ.

ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್("1021", 2) ಕೊಡುವ ಉತ್ತರ 2. ಅದು "10" ತನಕ ಓದುತ್ತದೆ, ಮುಂದೆ 2 ಕಂಡ ಕೂಡಲೇ ನಿಲ್ಲುತ್ತದೆ, ಅಲ್ಲಿವರೆಗಿನ ಬೆಲೆಯನ್ನು ಕೈಗಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಪಿಎಚ್‌ಪಿಯ ಬಿನ್‌ಡೆಕ್("1021") ಕೊಡುವ ಉತ್ತರ 5. ಅದು ನಡುವಿನ 2 ಅನ್ನು ಬಿಟ್ಟು, ಉಳಿದ "101" ಅನ್ನು ಜೋಡಿಸಿ ಓದುತ್ತದೆ. 7.4ನೇ ಆವೃತ್ತಿಯಿಂದ ಹೀಗೆ ಬಿಟ್ಟಾಗ ಒಂದು ಡೆಪ್ರಿಕೇಷನ್ ಸಂದೇಶ (ಈ ಬಳಕೆ ಇನ್ನು ಬೇಡ ಅನ್ನೋ ಸೂಚನೆ) ಬರುತ್ತದೆ. ಉತ್ತರ ಮಾತ್ರ ಅದೇ.

ರೂಬಿಯಲ್ಲಿ ಎರಡೂ ಗುಣ ಅಕ್ಕಪಕ್ಕ ಇವೆ. "1021".ಟು_ಐ(2) ಬರೆದರೆ 2 ಬರುತ್ತದೆ. ಇಂಟಿಜರ್("1021", 2) ಬರೆದರೆ ಎರರ್ ಬರುತ್ತದೆ. ಭಾಷೆ ಮಾಡಿದವರೇ ಎರಡು ಬಾಗಿಲು ಇಟ್ಟಿದ್ದಾರೆ, ಆರಿಸೋದು ನಮ್ಮ ಕೆಲಸ. ನಾನಂತೂ ಹೊರಗಿಂದ ಬರುವ ಡೇಟಾಗೆ ಟು_ಐ ಮುಟ್ಟುವುದಿಲ್ಲ.

ಒಂದೇ ಸ್ಟ್ರಿಂಗಿಗೆ ಒಂದು ಕಡೆ ಎರರ್, ಒಂದು ಕಡೆ 2, ಒಂದು ಕಡೆ 5! ಫ್ರಂಟ್‌ಎಂಡ್ ಜಾವಾಸ್ಕ್ರಿಪ್ಟ್‌ನಲ್ಲಿ, ಬ್ಯಾಕ್‌ಎಂಡ್ ಪಿಎಚ್‌ಪಿಯಲ್ಲಿ ಇದ್ದರೆ ಬಳಕೆದಾರರಿಗೆ ತೆರೆಯ ಮೇಲೆ ಕಂಡ ಸಂಖ್ಯೆ ಒಂದು, ಡೇಟಾಬೇಸ್‌ಗೆ ಹೋದ ಸಂಖ್ಯೆ ಇನ್ನೊಂದು. ಇಂಥ ಬಗ್ ಹಿಡಿಯೋದು ಕಷ್ಟ, ಯಾಕಂದರೆ ಲಾಗ್‌ನಲ್ಲಿ ಎಲ್ಲೂ ಕೆಂಪು ಸಾಲು ಇರೋದಿಲ್ಲ.

ಪೈಥಾನ್: ಕಟ್ಟುನಿಟ್ಟೂ ಇದೆ, ಧಾರಾಳವೂ ಇದೆ

ಪೈಥಾನ್‌ನಲ್ಲಿ ಇಂಟ್(ಪಠ್ಯ, 2) ಬಿಟ್ಟು ಬೇರೆ ದಾರಿ ಹುಡುಕುವ ಅಗತ್ಯ ತೀರಾ ಕಡಿಮೆ. ಉದ್ದದ ಮಿತಿ ಇಲ್ಲ. ಪೈಥಾನ್‌ನ ಪೂರ್ಣಾಂಕ ಮೆಮೊರಿ ಇರುವಷ್ಟು ಬೆಳೆಯುತ್ತದೆ. 2022ರಲ್ಲಿ ಭದ್ರತೆಯ ಕಾರಣಕ್ಕೆ ಸ್ಟ್ರಿಂಗ್-ಸಂಖ್ಯೆ ಪರಿವರ್ತನೆಗೆ 4300 ಅಂಕಿಗಳ ಮಿತಿ ಬಂತು ಅಂತ ಕೆಲವರಿಗೆ ನೆನಪಿರಬಹುದು. ಆ ಮಿತಿ ದಶಮಾಂಶದಂಥ ಬೇಸ್‌ಗಳಿಗೆ ಮಾತ್ರ. 2, 4, 8, 16, 32 ಈ ಬೇಸ್‌ಗಳಿಗೆ ಅನ್ವಯಿಸುವುದಿಲ್ಲ. ಬೈನರಿ ಅಂಕಿಗಳನ್ನು ನೇರವಾಗಿ ಬಿಟ್‌ಗಳಾಗಿ ಜೋಡಿಸುತ್ತಾ ಹೋದರೆ ಸಾಕು, ಹಾಗಾಗಿ ಉದ್ದ ಎರಡು ಪಟ್ಟಾದರೆ ಸಮಯವೂ ಸುಮಾರು ಎರಡು ಪಟ್ಟು ಅಷ್ಟೆ. ದಶಮಾಂಶದಲ್ಲಿ ಸಮಯ ಅದಕ್ಕಿಂತ ಜೋರಾಗಿ ಏರುತ್ತದೆ, ಸರ್ವರನ್ನು ತಡೆಹಿಡಿಯಲು ಯಾರಾದರೂ ಅದನ್ನು ಬಳಸಿಕೊಳ್ಳಬಹುದು ಅನ್ನೋ ಭಯದಿಂದ ಆ ಮಿತಿ ಹಾಕಿದ್ದು.

ಪೈಥಾನ್‌ನ ಧಾರಾಳ ಗೊತ್ತಿರಬೇಕು. ಇಂಟ್ ಫಂಕ್ಷನ್ ಹಿಂದೆಮುಂದೆ ಇರುವ ಖಾಲಿ ಜಾಗವನ್ನು, ಸಾಲಿನ ಕೊನೆಯ ಗುರುತನ್ನು ತಾನೇ ತೆಗೆದುಹಾಕುತ್ತದೆ. "+1011" ಒಪ್ಪುತ್ತದೆ, "-1011" ಕೊಟ್ಟರೆ ಮೈನಸ್ 11 ಕೊಡುತ್ತದೆ. "0ಬಿ1011" ಒಪ್ಪುತ್ತದೆ. 3.6ರಿಂದ "10_11" ಅಂತ ನಡುವೆ ಅಂಡರ್‌ಸ್ಕೋರ್ ಇದ್ದರೂ ಒಪ್ಪುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ: ಇಂಟ್("೧೦೧೧", 2) ಅಂತ ಕನ್ನಡ ಅಂಕಿಗಳನ್ನೇ ಕೊಟ್ಟರೂ 11 ಬರುತ್ತದೆ! ಯುನಿಕೋಡ್‌ನಲ್ಲಿ ದಶಮಾಂಶ ಅಂಕಿ ಅಂತ ಗುರುತಿಸಿರುವ ಯಾವ ಲಿಪಿಯ ಅಂಕಿಯನ್ನೂ ಪೈಥಾನ್ ಓದುತ್ತದೆ. ಜಾವಾದ ಪಾರ್ಸ್‌ಇಂಟ್ ಕೂಡ ಓದುತ್ತದೆ. ಜಾವಾಸ್ಕ್ರಿಪ್ಟ್, ಗೋ, ರಸ್ಟ್ ಓದುವುದಿಲ್ಲ. ಕನ್ನಡ ಕೀಬೋರ್ಡಿನಲ್ಲಿ ಟೈಪ್ ಮಾಡುವವರು ಬಳಸುವ ಆ್ಯಪ್ ಬರೆಯುತ್ತಿದ್ದರೆ ಇದು ನಿಜಕ್ಕೂ ಉಪಯೋಗ. ಅದೇ ಆ್ಯಪಿನ ಒಂದು ಭಾಗ ಪೈಥಾನ್‌ನಲ್ಲಿ, ಇನ್ನೊಂದು ಭಾಗ ಗೋನಲ್ಲಿ ಇದ್ದರೆ ಒಂದು ಕಡೆ ಪಾಸಾದ ಸ್ಟ್ರಿಂಗ್ ಇನ್ನೊಂದು ಕಡೆ ಫೇಲ್ ಆಗುತ್ತದೆ ಅನ್ನೋದೂ ಅಷ್ಟೇ ನಿಜ.

ಈ ಧಾರಾಳ ಬೇಡ ಅಂದರೆ ಪರಿವರ್ತನೆಗೆ ಮೊದಲು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ (ಪಠ್ಯ ಒಂದು ಮಾದರಿಗೆ ಹೊಂದುತ್ತದಾ ಅಂತ ನೋಡುವ ಸಾಧನ) ಸೋಸಿ. `[01]+` ಅನ್ನೋ ಮಾದರಿ ಸಾಕು, ಆದರೆ ಫುಲ್‌ಮ್ಯಾಚ್ ಬಳಸಿ. `^[01]+$` ಜೊತೆ ಮ್ಯಾಚ್ ಬಳಸಿದರೆ ಪೈಥಾನ್‌ನಲ್ಲಿ ಡಾಲರ್ ಗುರುತು ಕೊನೆಯಲ್ಲಿರುವ ಒಂದು ಹೊಸಸಾಲಿನ ಅಕ್ಷರವನ್ನು ಒಳಗೆ ಬಿಟ್ಟುಕೊಡುತ್ತದೆ.

ಇನ್ನು ಇವಾಲ್, ಅಂದರೆ ಪಠ್ಯವನ್ನೇ ಕೋಡ್ ಅಂತ ಓಡಿಸುವ ಫಂಕ್ಷನ್. "0ಬಿ" ಅಂಟಿಸಿ ಇವಾಲ್‌ಗೆ ಕೊಟ್ಟರೂ ಆಗುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಹೊರಗಿಂದ ಬಂದ ಪಠ್ಯವನ್ನು ಕೋಡ್ ಅಂತ ಓಡಿಸೋದು ಮನೆ ಬೀಗದ ಕೈಯನ್ನು ದಾರಿಹೋಕರಿಗೆ ಕೊಟ್ಟ ಹಾಗೆ.

ಎರಡನೇ ಆರ್ಗ್ಯುಮೆಂಟ್ ಮರೆತರೆ? ಇಂಟ್("1011") ಎರರ್ ಕೊಡುವುದಿಲ್ಲ, ಸಾವಿರದ ಹನ್ನೊಂದು ಕೊಡುತ್ತದೆ. ಜಾವಾಸ್ಕ್ರಿಪ್ಟ್, ಜಾವಾದಲ್ಲೂ ಇದೇ ಕಥೆ. ಸಿಯ ಏಟೊಐ ಫಂಕ್ಷನ್‌ಗಂತೂ ಬೇಸ್ ಹೇಳುವ ಅವಕಾಶವೇ ಇಲ್ಲ, ಅದಕ್ಕೆ ದಶಮಾಂಶ ಮಾತ್ರ ಗೊತ್ತು.

ಜಾವಾಸ್ಕ್ರಿಪ್ಟ್: ಮೂರು ದಾರಿ, ಮೂರಕ್ಕೂ ಜಾಗ ಇದೆ

ಮೊದಲನೆಯದು ಪಾರ್ಸ್‌ಇಂಟ್(ಪಠ್ಯ, 2). ಅರ್ಧ ಓದಿ ನಿಲ್ಲುವ ಗುಣ ಮೇಲೆ ನೋಡಿದೆವು. ಇದರಿಂದಲೇ ಇನ್ನೊಂದು ಪೇಚು: ಪಾರ್ಸ್‌ಇಂಟ್("0ಬಿ1011", 2) ಉತ್ತರ 0. ಸೊನ್ನೆ ಓದುತ್ತದೆ, ಬಿ ಕಂಡು ನಿಲ್ಲುತ್ತದೆ. ಸೊನ್ನೆ ಅನ್ನೋದು ಸರಿಯಾದ ಉತ್ತರವೂ ಆಗಿರಬಹುದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಪಟ್ಟಿಯ ಪ್ರತಿಯೊಂದರ ಮೇಲೂ ಒಂದು ಫಂಕ್ಷನ್ ಓಡಿಸುವ ಮ್ಯಾಪ್‌ಗೆ ಪಾರ್ಸ್‌ಇಂಟನ್ನು ನೇರ ಕೊಡುವುದೂ ಅಪಾಯ. ["10", "10", "10"] ಅನ್ನೋ ಅರೇಗೆ ಮ್ಯಾಪ್(ಪಾರ್ಸ್‌ಇಂಟ್) ಮಾಡಿದರೆ 10, ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನೋ ಗುರುತು), 2 ಬರುತ್ತವೆ. ಮ್ಯಾಪ್ ಎರಡನೇ ಆರ್ಗ್ಯುಮೆಂಟ್ ಆಗಿ ಸ್ಥಾನದ ಸಂಖ್ಯೆ (0, 1, 2) ಕಳಿಸುತ್ತದೆ, ಪಾರ್ಸ್‌ಇಂಟ್ ಅದನ್ನೇ ಬೇಸ್ ಅಂದುಕೊಳ್ಳುತ್ತದೆ.

ಎರಡನೆಯದು ನಂಬರ್("0ಬಿ" + ಪಠ್ಯ). 2015ರ ಆವೃತ್ತಿಯಿಂದ ಇದು ಇದೆ. ಇಡೀ ಸ್ಟ್ರಿಂಗ್ ಸರಿ ಇದ್ದರೆ ಮಾತ್ರ ಸಂಖ್ಯೆ, ಇಲ್ಲದಿದ್ದರೆ ನ್ಯಾನ್. "1021"ಕ್ಕೆ ನ್ಯಾನ್, ಖಾಲಿ ಸ್ಟ್ರಿಂಗಿಗೂ ನ್ಯಾನ್. ಮೈನಸ್ ಗುರುತನ್ನು ಒಪ್ಪುವುದಿಲ್ಲ. ಸಾಮಾನ್ಯ ಬಳಕೆಗೆ ನಾನು ಆರಿಸುವುದು ಇದನ್ನೇ, ಪಕ್ಕದಲ್ಲಿ ನ್ಯಾನ್ ಪರೀಕ್ಷೆ ಇಟ್ಟುಕೊಂಡು.

ಮೂರನೆಯದು ಬಿಗ್‌ಇಂಟ್("0ಬಿ" + ಪಠ್ಯ). ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 2ರ ಘಾತ 53ರ ತನಕ ಮಾತ್ರ ಪೂರ್ಣಾಂಕಗಳನ್ನು ಒಂದೂ ಬಿಡದೆ ಹಿಡಿಯುತ್ತದೆ. ಸುರಕ್ಷಿತ ಗರಿಷ್ಠ 9007199254740991. ಐವತ್ತನಾಲ್ಕು ಒಂದುಗಳ ಸ್ಟ್ರಿಂಗ್ ಕೊಟ್ಟರೆ ಬರಬೇಕಾದ್ದು 18014398509481983, ಬರುವುದು 18014398509481984. ಒಂದು ಜಾಸ್ತಿ. ನೋಡೋಕೆ ಒಂದೇ ಅಂಕಿ, ಆದರೆ ಅದು ಐಡಿ ಆಗಿದ್ದರೆ ಬೇರೆಯವರ ದಾಖಲೆ ತೆರೆದುಕೊಳ್ಳುತ್ತದೆ. ಸ್ಟ್ರಿಂಗ್ 53 ಬಿಟ್ ದಾಟುವ ಸಾಧ್ಯತೆ ಇದ್ದರೆ ಬಿಗ್‌ಇಂಟ್ ಬೇಕೇ ಬೇಕು. ತಪ್ಪು ಸ್ಟ್ರಿಂಗಿಗೆ ಇದು ಸಿಂಟ್ಯಾಕ್ಸ್‌ಎರರ್ ಎಸೆಯುತ್ತದೆ, ಅದು ಇನ್ನೂ ಒಳ್ಳೆಯದು. ತೊಂದರೆ ಅಂದರೆ ಬಿಗ್‌ಇಂಟನ್ನು ಸಾಮಾನ್ಯ ಸಂಖ್ಯೆಯ ಜೊತೆ ಕೂಡಿಸೋಕೆ ಆಗಲ್ಲ, ಡೇಟಾ ಕಳಿಸಲು ಬಳಸುವ ಜೇಸನ್ ಅನ್ನೋ ಪಠ್ಯರೂಪಕ್ಕೆ ನೇರವಾಗಿ ಹಾಕೋಕೂ ಆಗಲ್ಲ.

ಮೂವತ್ತೆರಡು ಬಿಟ್‌ನ ಹೊಸ್ತಿಲು

ನೆಟ್‌ವರ್ಕಿಂಗ್ ಕೆಲಸದಲ್ಲಿರುವವರಿಗೆ 255.255.255.0 ಅನ್ನೋ ಸಬ್‌ನೆಟ್ ಮಾಸ್ಕ್ ಬಾಯಿಪಾಠ. ಬೈನರಿಯಲ್ಲಿ ಅದು ಇಪ್ಪತ್ತನಾಲ್ಕು ಒಂದು, ಎಂಟು ಸೊನ್ನೆ:

11111111111111111111111100000000

ಇದರ ಬೆಲೆ 4294967040. ಸಂಖ್ಯೆಗೆ ಚಿಹ್ನೆ ಇದೆ ಅಂತ ಓದಿದರೆ ಮೈನಸ್ 256. ಎರಡರ ನಡುವೆ ಫಂಕ್ಷನ್‌ಗಳು ಹೇಗೆ ಚದುರುತ್ತವೆ ನೋಡಿ.

ಪೈಥಾನ್ ಯೋಚನೆಯೇ ಮಾಡದೆ 4294967040 ಕೊಡುತ್ತದೆ. ಜಾವಾದ ಇಂಟಿಜರ್.ಪಾರ್ಸ್‌ಇಂಟ್ ಎಕ್ಸೆಪ್ಷನ್ ಎಸೆಯುತ್ತದೆ, ಯಾಕಂದರೆ ಅದರ ಗರಿಷ್ಠ 2147483647. ಇಲ್ಲೊಂದು ವಿಚಿತ್ರ ಇದೆ. ಮೈನಸ್ 256ನ್ನು ಇಂಟಿಜರ್.ಟುಬೈನರಿಸ್ಟ್ರಿಂಗ್‌ಗೆ ಕೊಟ್ಟರೆ ಹುಟ್ಟುವುದು ಇದೇ ಮೇಲಿನ ಸ್ಟ್ರಿಂಗ್. ಅಂದರೆ ಜಾವಾ ತಾನೇ ಬರೆದ ಸ್ಟ್ರಿಂಗನ್ನು ಪಾರ್ಸ್‌ಇಂಟ್‌ನಿಂದ ತಾನೇ ವಾಪಸ್ ಓದುವುದಿಲ್ಲ. ಅದಕ್ಕೆ ಜಾವಾ 8ರಲ್ಲಿ ಬಂದ ಪಾರ್ಸ್‌ಅನ್‌ಸೈನ್ಡ್‌ಇಂಟ್ ಬೇಕು. ಅದು ಬಿಟ್‌ಗಳನ್ನು ಹಾಗೇ ಇಟ್ಟು ಮೈನಸ್ 256 ಕೊಡುತ್ತದೆ. ಧನ ಸಂಖ್ಯೆಯೇ ಬೇಕಾದರೆ ಲಾಂಗ್.ಪಾರ್ಸ್‌ಲಾಂಗ್, ಅದಕ್ಕೂ ದೊಡ್ಡದಾದರೆ ಬಿಗ್‌ಇಂಟಿಜರ್.

ಸಿ ಶಾರ್ಪ್‌ನ ಕನ್ವರ್ಟ್.ಟುಇಂಟ್32(ಪಠ್ಯ, 2) ಎಕ್ಸೆಪ್ಷನ್ ಎಸೆಯದೆ ನೇರವಾಗಿ ಮೈನಸ್ 256 ಕೊಡುತ್ತದೆ. ಜಾವಾದಿಂದ ಸಿ ಶಾರ್ಪ್‌ಗೆ ಕೋಡ್ ಸಾಗಿಸುವವರು ಎಡವುವುದು ಇಲ್ಲೇ. ಧನ ಸಂಖ್ಯೆಗೆ ಟುಯುಇಂಟ್32 ಇದೆ.

ಸಿಯಲ್ಲಿ ಸ್ಟ್ರ್‌ಟೋಲ್ ಬಳಸಿದರೆ ಉತ್ತರ ಯಂತ್ರದ ಮೇಲೆ ನಿಂತಿದೆ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಅಂದರೆ 64 ಬಿಟ್, ಹಾಗಾಗಿ 4294967040 ಸರಿಯಾಗಿ ಬರುತ್ತದೆ. ವಿಂಡೋಸ್‌ನಲ್ಲಿ ಲಾಂಗ್ ಅಂದರೆ 32 ಬಿಟ್, 64 ಬಿಟ್ ವಿಂಡೋಸ್ ಆದರೂ ಅಷ್ಟೇ. ಅಲ್ಲಿ 2147483647 ಬರುತ್ತದೆ, ಎರರ್ ಬರೆದಿಡುವ ಎರ್‌ನೋ ಅನ್ನೋ ಜಾಗದಲ್ಲಿ ಇರೇಂಜ್ (ಬೆಲೆ ಹಿಡಿಸಲಿಲ್ಲ) ಅಂತ ಬಿದ್ದಿರುತ್ತದೆ. ಎರ್‌ನೋ ನೋಡದವರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ.

ಗೋ ಭಾಷೆಯ ರೀತಿ ನನಗೆ ಹಿಡಿಸುತ್ತದೆ. ಸ್ಟ್ರ್‌ಕಾನ್ವ್.ಪಾರ್ಸ್‌ಯುಇಂಟ್(ಪಠ್ಯ, 2, 32) ಅಂತ ಬರೆಯುವಾಗ ಬೇಸ್ ಎಷ್ಟು, ಬಿಟ್ ಎಷ್ಟು, ಚಿಹ್ನೆ ಇದೆಯೋ ಇಲ್ಲವೋ ಮೂರನ್ನೂ ಬರೆಯಲೇಬೇಕು. ರಸ್ಟ್‌ನಲ್ಲೂ ಚಿಹ್ನೆ ಇಲ್ಲದ ಯು32 ಬೇಕೋ ಚಿಹ್ನೆ ಇರುವ ಐ32 ಬೇಕೋ ಅಂತ ಹೇಳಿಯೇ ಫ್ರಮ್_ಸ್ಟ್ರ್_ರೇಡಿಕ್ಸ್ ಕರೆಯಬೇಕು. ಹಿಡಿಸದಷ್ಟು ದೊಡ್ಡದಾದರೆ ಎರಡೂ ಎರರ್ ಕೊಡುತ್ತವೆ. ಒಂದೇ ಎಚ್ಚರಿಕೆ: ಗೋ ಎರರ್ ಜೊತೆಗೆ ಹಿಡಿಸುವ ಗರಿಷ್ಠ ಬೆಲೆಯನ್ನೂ ವಾಪಸ್ ಕೊಡುತ್ತದೆ. ಎರರ್ ಕಡೆಗಣಿಸಿದರೆ ಆ ಬೆಲೆಯೇ ನಿಜವಾದ ಉತ್ತರದ ವೇಷದಲ್ಲಿ ಮುಂದೆ ಹೋಗುತ್ತದೆ.

ಎಕ್ಸೆಲ್ ಬಳಸುವವರಿಗೂ ಒಂದು ಮಾತು. ಬಿನ್‌2ಡೆಕ್ ಫಂಕ್ಷನ್ ಹತ್ತು ಅಂಕಿಗಳಿಗೆ ಮಾತ್ರ. ಹತ್ತನೇ ಅಂಕಿ ಚಿಹ್ನೆ ಅಂತ ಲೆಕ್ಕ, ಹಾಗಾಗಿ ಹತ್ತು ಒಂದುಗಳನ್ನು ಕೊಟ್ಟರೆ ಮೈನಸ್ 1. ನಮ್ಮ ಮಾಸ್ಕ್ ಕೊಟ್ಟರೆ ಎರರ್. 2013ರಿಂದ ಇರುವ ಡೆಸಿಮಲ್(ಪಠ್ಯ, 2) ಬಳಸಿ. ಸೆಲ್ ಅನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಟ್ಟಿರಿ. ಇಲ್ಲದಿದ್ದರೆ ಎಕ್ಸೆಲ್ ಅದನ್ನು ದಶಮಾಂಶ ಸಂಖ್ಯೆ ಅಂದುಕೊಂಡು ಹದಿನೈದು ಅಂಕಿಗಳ ಆಚೆಗಿನದ್ದನ್ನೆಲ್ಲ ಸೊನ್ನೆ ಮಾಡುತ್ತದೆ.

ಸಿ ಮತ್ತು ಸಿ ಪ್ಲಸ್ ಪ್ಲಸ್: ಕೇಳಿದರೆ ಮಾತ್ರ ಹೇಳುತ್ತವೆ

ಸ್ಟ್ರ್‌ಟೋಲ್ ಕೂಡ "1021"ಕ್ಕೆ 2 ಕೊಡುತ್ತದೆ. ಆದರೆ ಎಲ್ಲಿ ನಿಂತೆ ಅಂತ ಎರಡನೇ ಪಾಯಿಂಟರ್‌ನಲ್ಲಿ ಬರೆದಿಡುತ್ತದೆ. ಅಲ್ಲಿ ನಲ್ ಹಾಕಿ ಕರೆಯುವ ಕೋಡ್ ಎಷ್ಟು ಕಡೆ ನೋಡಿದ್ದೇನೋ! ಸರಿಯಾಗಿ ಬಳಸಬೇಕಾದರೆ ಕರೆಯುವ ಮೊದಲು ಎರ್‌ನೋ ಸೊನ್ನೆ ಮಾಡಬೇಕು. ಕರೆದ ಮೇಲೆ ಮೂರು ನೋಡಬೇಕು: ಪಾಯಿಂಟರ್ ಆರಂಭದಲ್ಲೇ ಇದೆಯಾ (ಏನೂ ಓದಿಲ್ಲ), ಸ್ಟ್ರಿಂಗಿನ ಕೊನೆ ಮುಟ್ಟಿದೆಯಾ (ಕಸ ಉಳಿದಿಲ್ಲ), ಎರ್‌ನೋದಲ್ಲಿ ಇರೇಂಜ್ ಇದೆಯಾ (ಹಿಡಿಸಿಲ್ಲ). ನಾಲ್ಕು ಸಾಲು ಜಾಸ್ತಿ ಅಷ್ಟೆ.

ಸಿ ಭಾಷೆಯ ಸಿ23 ಅನ್ನೋ ಹೊಸ ನಿಯಮಾವಳಿ ಇಲ್ಲೊಂದು ಬದಲಾವಣೆ ತಂದಿದೆ. ಹಿಂದೆ ಬೇಸ್ 2 ಕೊಟ್ಟು "0ಬಿ1011" ಓದಿಸಿದರೆ 0 ಬಂದು ಪಾಯಿಂಟರ್ ಬಿ ಮೇಲೆ ನಿಲ್ಲುತ್ತಿತ್ತು. ಈಗ 11 ಬರುತ್ತದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ 2.38ರಿಂದ ಈ ಬೆಂಬಲ ಇದೆ. ಅಂದರೆ ಕಂಪೈಲ್ ಮಾಡುವಾಗ ಯಾವ ನಿಯಮಾವಳಿ ಆರಿಸಿದ್ದೀರಿ ಅನ್ನೋದರ ಮೇಲೆ ಅದೇ ಕೋಡಿನ ಉತ್ತರ ಬದಲಾಗಬಹುದು. ಪ್ರಿಫಿಕ್ಸ್ ಬರುವ ಸಾಧ್ಯತೆ ಇದ್ದರೆ ನೀವೇ ಕತ್ತರಿಸಿ ಕೊಡಿ, ಆಗ ಯಾವ ಆವೃತ್ತಿಯಲ್ಲೂ ಗೊಂದಲ ಇಲ್ಲ.

ಸಿ ಪ್ಲಸ್ ಪ್ಲಸ್‌ನಲ್ಲಿ ಎಸ್‌ಟೊಐ, ಬಿಟ್‌ಸೆಟ್, ಫ್ರಮ್_ಚಾರ್ಸ್ ಅಂತ ಮೂರು ಇವೆ. ಎಸ್‌ಟೊಐ ಒಳಗೆ ಸ್ಟ್ರ್‌ಟೋಲ್ ಗುಣವೇ ಇದೆ. ಹಿಡಿಸದಿದ್ದರೆ ಎಕ್ಸೆಪ್ಷನ್ ಎಸೆಯುತ್ತದೆ ನಿಜ, ಆದರೆ "1021"ಕ್ಕೆ ತೆಪ್ಪಗೆ 2 ಕೊಡುತ್ತದೆ. ಬಿಟ್‌ಸೆಟ್ ನೋಡೋಕೆ ಚೆಂದ, ತಪ್ಪು ಅಕ್ಷರಕ್ಕೆ ಎಕ್ಸೆಪ್ಷನ್ ಕೂಡ ಇದೆ, ಉದ್ದದ ವಿಷಯದಲ್ಲಿ ಮಾತ್ರ ಕೈಕೊಡುತ್ತದೆ. ಎಂಟು ಬಿಟ್‌ನ ಬಿಟ್‌ಸೆಟ್‌ಗೆ "101100000001" ಅಂತ ಹನ್ನೆರಡು ಅಕ್ಷರ ಕೊಟ್ಟರೆ ಎಡಗಡೆಯ ಎಂಟನ್ನು ಇಟ್ಟುಕೊಂಡು 176 ಕೊಡುತ್ತದೆ, ಉಳಿದ ನಾಲ್ಕು ಕಾಣೆ. ಸಿ ಪ್ಲಸ್ ಪ್ಲಸ್ 17ರ ಫ್ರಮ್_ಚಾರ್ಸ್ ನನ್ನ ಆಯ್ಕೆ. ಖಾಲಿ ಜಾಗ ಒಪ್ಪಲ್ಲ, ಪ್ಲಸ್ ಗುರುತು ಒಪ್ಪಲ್ಲ, ಲೊಕೇಲ್ (ದೇಶ-ಭಾಷೆಯ ಸೆಟ್ಟಿಂಗ್) ಗೊಡವೆ ಇಲ್ಲ, ಮೆಮೊರಿ ಕೇಳಲ್ಲ. ಎಲ್ಲಿ ನಿಂತಿತು ಅನ್ನೋದನ್ನು ವಾಪಸ್ ಕೊಡುತ್ತದೆ, ಅದು ಸ್ಟ್ರಿಂಗಿನ ಕೊನೆಯೇ ಹೌದಾ ಅಂತ ನೋಡಿಕೊಳ್ಳಿ.

ಚಿಹ್ನೆ: ಮೈನಸ್ ಹತ್ತು ಡಿಗ್ರಿಯ ಲೆಕ್ಕ

ಡಿಎಸ್18ಬಿ20 ಅನ್ನೋ ಉಷ್ಣಾಂಶ ಸೆನ್ಸರ್ ಗೊತ್ತಿರಬಹುದು, ಕಾಲೇಜು ಪ್ರಾಜೆಕ್ಟುಗಳಲ್ಲಿ ತುಂಬಾ ಕಾಣುತ್ತದೆ. ಅದು 16 ಬಿಟ್‌ನಲ್ಲಿ, ಟೂಸ್ ಕಾಂಪ್ಲಿಮೆಂಟ್ ಕ್ರಮದಲ್ಲಿ (ಮೊದಲ ಬಿಟ್ 1 ಇದ್ದರೆ ಋಣ ಸಂಖ್ಯೆ) ಬೆಲೆ ಕೊಡುತ್ತದೆ. 12 ಬಿಟ್ ರೆಸಲ್ಯೂಷನ್‌ನಲ್ಲಿ ಒಂದು ಹೆಜ್ಜೆ 0.0625 ಡಿಗ್ರಿ. ಮೈನಸ್ 10.125 ಡಿಗ್ರಿ ಸೆಲ್ಸಿಯಸ್‌ಗೆ ಅದು ಕೊಡುವ ಬಿಟ್‌ಗಳು:

1111111101011110

ಇಂಟ್(ಪಠ್ಯ, 2) ಮಾಡಿದರೆ 65374. ಅದನ್ನು 0.0625ರಿಂದ ಗುಣಿಸಿದರೆ 4085.875 ಡಿಗ್ರಿ. ಸೆನ್ಸರ್ ಅಳೆಯುವುದೇ ಮೈನಸ್ 55ರಿಂದ 125ರ ತನಕ! ಇಲ್ಲಿ ಫಂಕ್ಷನ್ ತಪ್ಪು ಮಾಡಿಲ್ಲ. ಮೊದಲ ಬಿಟ್ ಚಿಹ್ನೆ ಅಂತ ಸ್ಟ್ರಿಂಗಿನಲ್ಲಿ ಎಲ್ಲೂ ಬರೆದಿಲ್ಲ, ಅದನ್ನು ನಾವು ಹೇಳಬೇಕು. 65374ರಿಂದ 65536 ಕಳೆದರೆ ಮೈನಸ್ 162. ಅದನ್ನು 0.0625ರಿಂದ ಗುಣಿಸಿದರೆ ಮೈನಸ್ 10.125. ಈಗ ಸರಿ.

ಬೆಂಗಳೂರಿನಲ್ಲಿ ಕೂತು ಪರೀಕ್ಷೆ ಮಾಡಿದರೆ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಹೋಗುವುದೇ ಇಲ್ಲ, ಆದ್ದರಿಂದ ಈ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ಅದೇ ಪೆಟ್ಟಿಗೆ ಕೋಲ್ಡ್ ಸ್ಟೋರೇಜ್‌ಗೆ ಹೋದ ದಿನ ಬೀಳುತ್ತದೆ.

ಈ ಕೆಲಸಕ್ಕೆ ಸಿ ಶಾರ್ಪ್ ಎಲ್ಲರಿಗಿಂತ ಸಲೀಸು: ಕನ್ವರ್ಟ್.ಟುಇಂಟ್16(ಪಠ್ಯ, 2) ನೇರವಾಗಿ ಮೈನಸ್ 162 ಕೊಡುತ್ತದೆ. ಮಾಸ್ಕ್ ವಿಷಯದಲ್ಲಿ ಕಾಟ ಕೊಟ್ಟ ಗುಣವೇ ಇಲ್ಲಿ ಅನುಕೂಲ. ಜಾವಾದಲ್ಲಿ ಪಾರ್ಸ್‌ಇಂಟ್ ಉತ್ತರವನ್ನು ಶಾರ್ಟ್‌ಗೆ ಕ್ಯಾಸ್ಟ್ ಮಾಡಿ. ರಸ್ಟ್‌ನಲ್ಲಿ ಯು16 ಆಗಿ ಓದಿ ಐ16 ಮಾಡಿ. ಜಾವಾಸ್ಕ್ರಿಪ್ಟ್‌ನಲ್ಲಿ 16 ಸ್ಥಾನ ಎಡಕ್ಕೆ ತಳ್ಳಿ, ಮತ್ತೆ 16 ಸ್ಥಾನ ಬಲಕ್ಕೆ ತಳ್ಳಿ. ಪೈಥಾನ್‌ನ ಪೂರ್ಣಾಂಕಕ್ಕೆ ಅಗಲವೇ ಇಲ್ಲದ್ದರಿಂದ ಬೆಲೆ 32768 ಅಥವಾ ಹೆಚ್ಚಿದ್ದರೆ 65536 ಕಳೆಯುವ ಸಾಲನ್ನು ನೀವೇ ಬರೆಯಬೇಕು.

ಯಾವ ತುದಿಯಿಂದ ಓದಬೇಕು

ಅದೇ ಸೆನ್ಸರ್ ತಂತಿಯ ಮೇಲೆ ಬಿಟ್ ಕಳಿಸುವಾಗ ಚಿಕ್ಕ ಬೆಲೆಯ ಬಿಟ್ ಮೊದಲು ಕಳಿಸುತ್ತದೆ. ತಂತಿಯ ಮೇಲಿನ ಬಿಟ್‌ಗಳನ್ನು ತೋರಿಸುವ ಲಾಜಿಕ್ ಅನಲೈಸರ್‌ನಲ್ಲಿ ಬಂದ ಕ್ರಮದಲ್ಲೇ ಬರೆದುಕೊಂಡರೆ ಸ್ಟ್ರಿಂಗ್ ಹಿಂದುಮುಂದಾಗಿ "0111101011111111" ಆಗಿರುತ್ತದೆ. ಅದರ ಬೆಲೆ 31487. ಯಾವ ಫಂಕ್ಷನ್ನೂ ಇದನ್ನು ತಪ್ಪು ಅನ್ನೋದಿಲ್ಲ, ಅನ್ನೋಕೆ ಆಗೋದೂ ಇಲ್ಲ. ಮೊದಲು ಸ್ಟ್ರಿಂಗನ್ನು ತಿರುಗಿಸಿ, ಆಮೇಲೆ ಪರಿವರ್ತಿಸಬೇಕು.

ಕನ್ನಡ ತರಗತಿಯಲ್ಲಿ ಲಘು-ಗುರು ಹಾಕಿದವರಿಗೆ ಇದರ ಹಳೆಯ ರೂಪ ಗೊತ್ತು. ಮೂರು ಅಕ್ಷರಗಳ ಎಂಟು ಗಣಗಳನ್ನು ಪ್ರಸ್ತಾರದ (ಎಲ್ಲ ಲಘು-ಗುರು ಜೋಡಣೆಗಳ ಪಟ್ಟಿಯ) ಕ್ರಮದಲ್ಲಿ ಬರೆದರೆ ಮ, ಯ, ರ, ಸ, ತ, ಜ, ಭ, ನ. ಗುರುವಿಗೆ 0, ಲಘುವಿಗೆ 1 ಅಂತ ಇಟ್ಟುಕೊಳ್ಳಿ. ಯಗಣ ಅಂದರೆ ಲಘು, ಗುರು, ಗುರು, ಅಂದರೆ 100. ಇಂದಿನ ಕ್ರಮದಲ್ಲಿ ಅದು 4. ಆದರೆ ಪಟ್ಟಿಯಲ್ಲಿ ಯಗಣ ಎರಡನೆಯದು. ಎಡಗಡೆಯ ಅಕ್ಷರಕ್ಕೆ 1, ಮುಂದಿನದಕ್ಕೆ 2, ಕೊನೆಯದಕ್ಕೆ 4 ಅಂತ ಬೆಲೆ ಕೊಟ್ಟು, ಬಂದ ಮೊತ್ತಕ್ಕೆ 1 ಕೂಡಿಸಿ. ಯಗಣ 2, ಲಘು-ಗುರು-ಲಘು ಇರುವ ಜಗಣ 6, ಮೂರೂ ಲಘು ಇರುವ ನಗಣ 8. ಲೆಕ್ಕ ಕೂಡಿಬಂತು ಅಲ್ವಾ? ಗಣ ಕೊಟ್ಟರೆ ಅದು ಎಷ್ಟನೇ ಸಾಲು ಅಂತ ಹೇಳುವ ಈ ಕ್ರಮಕ್ಕೆ ಉದ್ದಿಷ್ಟ ಅಂತ ಹೆಸರು, ಪಿಂಗಳನ ಛಂದಶ್ಶಾಸ್ತ್ರದಲ್ಲೇ ಇದರ ವಿಧಾನ ಇದೆ. ಬೈನರಿ ಸ್ಟ್ರಿಂಗನ್ನು ಸಂಖ್ಯೆ ಮಾಡುವ ಕೆಲಸ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು ಅನ್ನೋದು ನನಗೆ ಪ್ರತಿಸಲವೂ ಖುಷಿ ಕೊಡುತ್ತದೆ.

ಡೇಟಾಬೇಸ್‌ನಲ್ಲೂ ಒಂದು ತುದಿಯ ಪೇಚು ಇದೆ. ಪೋಸ್ಟ್‌ಗ್ರೆಸ್‌ನಲ್ಲಿ 1011 ಅನ್ನೋ ಬಿಟ್ ಸ್ಟ್ರಿಂಗನ್ನು ಬಿಟ್(8)ಗೆ ಕ್ಯಾಸ್ಟ್ ಮಾಡಿದರೆ ಸೊನ್ನೆಗಳು ಬಲಗಡೆ ಸೇರುತ್ತವೆ. ಅದು 10110000 ಆಗುತ್ತದೆ, ಪೂರ್ಣಾಂಕ ಮಾಡಿದರೆ 11ರ ಬದಲು 176. ಮೊದಲೇ ಎಡಗಡೆ ಸೊನ್ನೆ ತುಂಬಿ ಅಗಲ ಸರಿಮಾಡಿಕೊಳ್ಳಿ.

ಕೈಯಲ್ಲೇ ಲೂಪ್ ಬರೆಯಬೇಕಾ?

ಬರೆಯೋದು ಸುಲಭ. ಮೊತ್ತ ಸೊನ್ನೆಯಿಂದ ಶುರು. ಎಡದಿಂದ ಒಂದೊಂದೇ ಅಂಕಿ ತಗೊಂಡು:

ಮೊತ್ತ = ಮೊತ್ತ × 2 + ಅಂಕಿ

"1011"ಕ್ಕೆ ಮೊತ್ತ 1, 2, 5, 11 ಅಂತ ಬೆಳೆಯುತ್ತದೆ. ಇಂಟರ್ವ್ಯೂನಲ್ಲಿ ಕೇಳಿದರೆ ಇದನ್ನೇ ಬರೆಯಿರಿ. ಬಲದಿಂದ ಶುರುಮಾಡಿ ಪ್ರತಿ ಅಂಕಿಗೂ 2ರ ಘಾತ ಲೆಕ್ಕಹಾಕುವ ವಿಧಾನವನ್ನು ಪುಸ್ತಕಗಳು ಹೇಳಿಕೊಡುತ್ತವೆ, ಅರ್ಥಮಾಡಿಸೋಕೆ ಅದು ಸರಿ. ಕೋಡ್‌ನಲ್ಲಿ ಅದು ಸುಮ್ನೆ ಭಾರ, ಮೇಲಾಗಿ ಘಾತದ ಫಂಕ್ಷನ್ ಎಷ್ಟೋ ಭಾಷೆಗಳಲ್ಲಿ ಫ್ಲೋಟ್ ಕೊಡುತ್ತದೆ.

ಗುಣಿಸುವ ಬದಲು ಬಿಟ್ ತಳ್ಳುವವರು ಜಾವಾಸ್ಕ್ರಿಪ್ಟ್‌ನಲ್ಲಿ ಹುಷಾರು. ಅಲ್ಲಿ ತಳ್ಳುವ ಆಪರೇಟರ್ 32 ಬಿಟ್ ಚಿಹ್ನೆ ಸಹಿತ ಲೆಕ್ಕ ಮಾಡುತ್ತದೆ. ನಮ್ಮ ಮಾಸ್ಕ್ ಮತ್ತೆ ಮೈನಸ್ 256 ಆಗುತ್ತದೆ. ಕೊನೆಯಲ್ಲಿ `>>> 0` ಸೇರಿಸಿದರೆ 4294967040 ಆಗುತ್ತದೆ, ಅದೂ 32 ಬಿಟ್ ತನಕ ಮಾತ್ರ.

ಅಕ್ಷರವನ್ನು ಅಂಕಿ ಮಾಡುವಾಗ ಕೊನೆಯ ಬಿಟ್ ತಗೊಂಡರೆ ಸಾಕು ಅನ್ನೋ ಚಮತ್ಕಾರವೂ ಇದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ '0' ಅಂದರೆ 48, '1' ಅಂದರೆ 49, ಒಂದು ಸಮ, ಒಂದು ಬೆಸ. ವೇಗ ನಿಜ. ಆದರೆ '2' ಅಂದರೆ 50, ಅದೂ ಸೊನ್ನೆಯಾಗಿ ಒಳಗೆ ಬರುತ್ತದೆ. ಇಡೀ ಕೀಬೋರ್ಡೇ ಒಳಗೆ ಬರುತ್ತದೆ.

ಲೂಪ್ ಬರೆಯಲು ಒಳ್ಳೆಯ ಕಾರಣ ಎರಡೇ ಕಾಣುತ್ತವೆ. ಚಿಕ್ಕ ಮೈಕ್ರೋಕಂಟ್ರೋಲರ್‌ನಲ್ಲಿ ಲೈಬ್ರರಿಗೆ ಜಾಗ ಇಲ್ಲದಾಗ. ಬಿಟ್‌ಗಳು ಒಂದೊಂದಾಗಿ ಬರುತ್ತಿದ್ದು, ಸ್ಟ್ರಿಂಗ್ ಪೂರ್ತಿ ಆಗುವ ತನಕ ಕಾಯಲು ಆಗದಾಗ. ಎರಡನೆಯದಕ್ಕೆ ಮೇಲಿನ ಒಂದು ಸಾಲಿನ ಸೂತ್ರ ಹೇಳಿ ಮಾಡಿಸಿದ ಹಾಗಿದೆ. ಉಳಿದ ಕಡೆ ಭಾಷೆಯ ಜೊತೆ ಬಂದ ಫಂಕ್ಷನ್ ಸಾಕು. ಪೈಥಾನ್‌ನಲ್ಲಂತೂ ಕೈಲೂಪ್ ಇಂಟ್‌ಗಿಂತ ನಿಧಾನ.

ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಹತ್ತಿರ ಇರೋದು ನಿಜವಾಗಲೂ ಸೊನ್ನೆ-ಒಂದು ಅಕ್ಷರಗಳ ಪಠ್ಯವಾ, ಇಲ್ಲಾ ಕಚ್ಚಾ ಬೈಟ್‌ಗಳಾ? ಪಠ್ಯವಾದರೆ ಎಂಟು ಬಿಟ್‌ಗೆ ಎಂಟು ಬೈಟ್ ಬೇಕು, ಕಚ್ಚಾ ಆದರೆ ಒಂದೇ ಬೈಟ್. ಕಚ್ಚಾ ಬೈಟ್‌ಗಳಿಗೆ ಪೈಥಾನ್‌ನಲ್ಲಿ ಇಂಟ್.ಫ್ರಮ್_ಬೈಟ್ಸ್ ಇದೆ, ಅದರಲ್ಲಿ ಬೈಟ್ ಕ್ರಮವನ್ನೂ ಚಿಹ್ನೆಯನ್ನೂ ನೇರವಾಗಿ ಹೇಳಬಹುದು. ಬೈಟ್‌ಗಳನ್ನು ಮೊದಲು ಬೈನರಿ ಪಠ್ಯ ಮಾಡಿ, ಆಮೇಲೆ ಸಂಖ್ಯೆ ಮಾಡುವ ಕೋಡ್ ಕಂಡರೆ ನಡುವಿನ ಹೆಜ್ಜೆ ಕಿತ್ತುಹಾಕಿ.

ಯಾವ ಫಂಕ್ಷನ್ ಆರಿಸಿದರೂ ಈ ಸ್ಟ್ರಿಂಗ್‌ಗಳನ್ನು ಟೆಸ್ಟ್‌ನಲ್ಲಿ ಹಾಕಿಡಿ: ಖಾಲಿ ಸ್ಟ್ರಿಂಗ್, "0", "00001011", "1021", "0ಬಿ1011", "-1011", ಕೊನೆಯಲ್ಲಿ ಹೊಸಸಾಲು ಇರುವ "1011", ಮೂವತ್ತೆರಡು ಒಂದುಗಳು, ಅರವತ್ತೈದು ಒಂದುಗಳು, "೧೦೧೧". ಖಾಲಿ ಸ್ಟ್ರಿಂಗನ್ನು ಮರೆಯಬೇಡಿ. ಪಿಎಚ್‌ಪಿಯ ಬಿನ್‌ಡೆಕ್, ರೂಬಿಯ ಟು_ಐ, ಸಿ ಪ್ಲಸ್ ಪ್ಲಸ್‌ನ ಬಿಟ್‌ಸೆಟ್ ಮೂರೂ ಅದಕ್ಕೆ 0 ಕೊಡುತ್ತವೆ. ಪ್ರತಿ ಸ್ಟ್ರಿಂಗಿನ ಮುಂದೆ ನಿಮಗೆ ಬೇಕಾದ ಉತ್ತರ ಏನು, ಸಂಖ್ಯೆಯಾ ಎರರಾ ಅಂತ ಮೊದಲು ನೀವೇ ಬರೆದುಕೊಂಡು, ಆಮೇಲೆ ಟೆಸ್ಟ್ ಓಡಿಸಿ.